ಬಾಗಿಲ ಸದ್ದಿಗೆ ಕಾಯುವವರು

ದೇವನಹಳ್ಳಿ ತಾಲ್ಲೂಕಿನ ನಮ್ಮ ವಿಜಯಪುರ ರೇಷ್ಮೆಯ ಊರು. ನಾನು ಚಿಕ್ಕವಳಿದ್ದಾಗ ನಮ್ಮ ಬೀದಿಯಲ್ಲೂ ಹುಳು ಸಾಕುವ ಮನೆಗಳಿದ್ದವು. ಚಂದ್ರಿಕೆಯಿಂದ ಗೂಡು ಬಿಡಿಸುವ ದಿನ ಅಕ್ಕಪಕ್ಕದ ಹೆಂಗಸರೆಲ್ಲ ಒಂದೇ ಪಡಸಾಲೆಯಲ್ಲಿ ಸೇರುತ್ತಿದ್ದರು. ಅವರಲ್ಲಿ ಸರಾಗವಾಗಿ ಓದಲು ಬರುತ್ತಿದ್ದುದು ಅಮ್ಮನಿಗೆ. ಹಾಗಾಗಿ 'ಸುಧಾ' ವಾರಪತ್ರಿಕೆಯ ಧಾರಾವಾಹಿ ಓದಿ ಹೇಳುವ ಕೆಲಸ ಅವಳದು. ಎಚ್.ಕೆ. ಅನಂತರಾವ್ ಅವರ 'ಅಂತ' ಬರುತ್ತಿದ್ದಾಗಲಂತೂ ಗೂಡಿಗಿಂತ ಕಥೆಯ ಮೇಲೇ ಎಲ್ಲರಿಗೂ ಗಮನ. ಕಂತು ಮುಗಿಯುತ್ತಿದ್ದುದು ಯಾವಾಗಲೂ ಎದೆ ಝಲ್ಲೆನ್ನುವ ಜಾಗದಲ್ಲೇ. ಮುಂದಿನ ವಾರ ಬೋರಿನ ಹತ್ತಿರ ಕೊಡ ಇಡುತ್ತಲೇ ಯಾರಾದರೂ ಕೇಳುವರು: "ಏನಕ್ಕಾ, ಈ ವಾರ ಸಿಕ್ಕಿಬಿದ್ನಾ?"

ಸಿಕ್ಕಿಬೀಳಬಾರದವನು ಇನ್‌ಸ್ಪೆಕ್ಟರ್ ಸುಶೀಲ್ ಕುಮಾರ್. ಕನ್ವರ್‌ಲಾಲ್ ಎಂಬ ಪಾತಕಿಯ ತದ್ರೂಪಿ ಅವನು. ಇಲಾಖೆ ಅವನನ್ನು ಕನ್ವರ್‌ಲಾಲನ ವೇಷದಲ್ಲಿ ಕಳ್ಳರ ಗುಂಪಿಗೆ ಕಳಿಸುತ್ತದೆ. ಅಲ್ಲಿಗೆ ಹೋದ ಮೇಲೆ ಅವನಿಗೆ ತಿಳಿಯುವುದೇನು? ಕಳ್ಳರ ಬೆನ್ನಿಗೆ ನಿಂತವರು ದೊಡ್ಡ ಕುರ್ಚಿಗಳಲ್ಲಿ ಕೂತವರೇ ಎಂದು. 1981ರಲ್ಲಿ ರಾಜೇಂದ್ರಸಿಂಗ್ ಬಾಬು ಇದನ್ನು ಚಲನಚಿತ್ರ ಮಾಡಿದರು. ಎರಡೂ ಪಾತ್ರ ಅಂಬರೀಷ್ ಅವರದು, ಹೆಂಡತಿಯಾಗಿ ಲಕ್ಷ್ಮಿ. ಹಿಂಸೆಯ ದೃಶ್ಯಗಳಿಗಾಗಿ, ಅಧಿಕಾರದಲ್ಲಿದ್ದವರನ್ನು ತೋರಿಸಿದ ರೀತಿಗಾಗಿ ಚಿತ್ರ ದೊಡ್ಡ ವಿವಾದಕ್ಕೆ ಸಿಕ್ಕಿತು. ಬಾಬು ಅವರೇ ಜಿತೇಂದ್ರರನ್ನಿಟ್ಟುಕೊಂಡು ಹಿಂದಿಯಲ್ಲಿ ಮಾಡಿದ 'ಮೇರಿ ಆವಾಜ್ ಸುನೋ' ಬಂದಾಗ ಆ ಗದ್ದಲ ದೆಹಲಿಯನ್ನೂ ಮುಟ್ಟಿತು.

ಆಗ ನಾನು ಆರನೆಯ ತರಗತಿ. ಉಗುರು ಕೀಳುವ ದೃಶ್ಯ ಬಂದಾಗ ಅಮ್ಮನ ಸೆರಗಿನಲ್ಲಿ ಮುಖ ಹುದುಗಿಸಿದ್ದೆ. ಆದರೂ ಮನೆಗೆ ಬಂದು ಇನ್ನೊಮ್ಮೆ ಹೋಗೋಣವೆಂದು ಹಟ ಹಿಡಿದೆ. ಅಷ್ಟು ಹೆದರಿಸಿದ್ದನ್ನು ಮತ್ತೆ ನೋಡುವ ಆಸೆ ಯಾಕೆ? ಪಾಠ ಹೇಳುವ ವೃತ್ತಿಗೆ ಬಂದ ಮೇಲೂ ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಪತ್ತೇದಾರಿ ಕಥೆಯಲ್ಲಿ ಕಳ್ಳ ಯಾರೆಂದು ಗೊತ್ತಾದರೆ ಕಥೆ ಮುಗಿಯಿತು. ರಾಜಕೀಯದ ಕಥೆ ಅಲ್ಲಿಂದಲೇ ಶುರುವಾಗುತ್ತದೆ. ಕಳ್ಳರು ಯಾರೆಂದು ಗೂಡು ಬಿಡಿಸುವ ನಮ್ಮ ಹೆಂಗಸರಿಗೂ ಮೊದಲೇ ಗೊತ್ತಿತ್ತು. ಗೊತ್ತಿಲ್ಲದ್ದು ಒಂದೇ: ಅದನ್ನು ಬಾಯಿಬಿಟ್ಟು ಹೇಳಿದವನು ಉಳಿಯುತ್ತಾನೆಯೇ?

ಆ ಪ್ರಶ್ನೆ ಬರಿಯ ಕಟ್ಟುಕಥೆಯದಾಗಿರಲಿಲ್ಲ. 1975ರ ಜೂನ್‌ನಿಂದ 1977ರ ಮಾರ್ಚ್‌ವರೆಗಿನ ತುರ್ತುಪರಿಸ್ಥಿತಿಯನ್ನು ಜನ ಇನ್ನೂ ಮರೆತಿರಲಿಲ್ಲ. 'ಸಂಸ್ಕಾರ' ಚಿತ್ರದ ಚಂದ್ರಿಯನ್ನು ನೀವು ಬಲ್ಲಿರಿ. ಆ ಪಾತ್ರ ಮಾಡಿದ ಸ್ನೇಹಲತಾ ರೆಡ್ಡಿ ಅವರನ್ನು 1976ರಲ್ಲಿ ಬಂಧಿಸಿ ಬೆಂಗಳೂರಿನ ಸೆರೆಮನೆಯಲ್ಲಿ ಎಂಟು ತಿಂಗಳು ಇಟ್ಟಿದ್ದರು. ಆಕೆಗೆ ಉಬ್ಬಸ. ಸೆರೆಯಲ್ಲಿ ಅದು ವಿಪರೀತಕ್ಕೆ ಹೋಯಿತು. 1977ರ ಜನವರಿಯಲ್ಲಿ ಪೆರೋಲಿನ ಮೇಲೆ ಹೊರಬಂದವರು ಅದೇ ತಿಂಗಳ 20ರಂದು ತೀರಿಕೊಂಡರು. ಇದಾಗಿ ನಾಲ್ಕೇ ವರ್ಷಕ್ಕೆ 'ಅಂತ' ಬಂತು. ಸತ್ಯಕ್ಕೆ ಎಷ್ಟು ಬೆಲೆ ತೆರಬೇಕಾಗುತ್ತದೆ ಎಂಬುದನ್ನು ಕಂಡಿದ್ದವರು ಚಿತ್ರಮಂದಿರದಲ್ಲಿ ಉಸಿರು ಬಿಗಿಹಿಡಿದದ್ದರಲ್ಲಿ ಆಶ್ಚರ್ಯವೇನು?

ಅಮ್ಮ ಉಸಿರು ಬಿಗಿಹಿಡಿದದ್ದಕ್ಕೆ ಮಾತ್ರ ಬೇರೆ ಕಾರಣವಿತ್ತು. ಅಪ್ಪ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ಮಾಡದ ಕೆಲಸಕ್ಕೆ ಬಿಲ್ಲು ಬರೆದು ತಂದವರೊಬ್ಬರ ಕಾಗದಕ್ಕೆ ಅವರು ಸಹಿ ಹಾಕಲಿಲ್ಲ. ಕೆಲವು ತಿಂಗಳು ರಾತ್ರಿ ಹೊತ್ತು ನಮ್ಮ ಬೀದಿಯ ತುದಿಯಲ್ಲಿ ಒಂದು ಜೀಪು ಬಂದು ನಿಲ್ಲುತ್ತಿತ್ತು. ಯಾರೂ ಇಳಿಯುತ್ತಿರಲಿಲ್ಲ, ಏನೂ ಮಾಡುತ್ತಿರಲಿಲ್ಲ, ನಿಂತು ಹೋಗುತ್ತಿತ್ತು ಅಷ್ಟೆ. ಅಪ್ಪ ಕೊನೆಯ ಬಸ್ಸಿಗೆ ಬರುವವರೆಗೆ ಅಮ್ಮ ಅನ್ನ ಮುಚ್ಚಿಟ್ಟು ಬಾಗಿಲ ಬಳಿ ಕೂತಿರುತ್ತಿದ್ದಳು. ಆಮೇಲೆ ಅಪ್ಪನಿಗೆ ದೂರದೂರಿಗೆ ವರ್ಗವಾಯಿತು. ಅಲ್ಲಿಂದ ತಿಂಗಳಿಗೊಮ್ಮೆ ಬಂದು ಹೋಗುತ್ತಿದ್ದರು.

ಚಿತ್ರದಲ್ಲಿ ಸುಶೀಲ್ ಕುಮಾರನ ಗರ್ಭಿಣಿ ಹೆಂಡತಿಯನ್ನು ಅವನ ಕಣ್ಣೆದುರೇ ಹಿಂಸಿಸುತ್ತಾರೆ. ಪಟ್ಟು ಬಿಡದವನು ಗಂಡ, ಏಟು ತಿಂದವಳು ಹೆಂಡತಿ. ನಮ್ಮ ಸಾಲಿನಲ್ಲಿ ಎಲ್ಲರೂ ಅತ್ತರು, ಅಮ್ಮ ಅಳಲಿಲ್ಲ. ನನ್ನ ಕೈಯನ್ನು ಬಿಗಿಯಾಗಿ ಹಿಡಿದಿದ್ದಳು, ಬಳೆ ಒತ್ತಿ ಗುರುತಾಗುವಷ್ಟು.

1984ರ ರಾಷ್ಟ್ರಪ್ರಶಸ್ತಿಗಳಲ್ಲಿ ಗೌರವ ಪಡೆದ ಶಂಕರ್‌ನಾಗ್ ಅವರ 'ಆಕ್ಸಿಡೆಂಟ್' ನೋಡಿದಾಗಲೂ ನನಗೆ ಅದೇ ಬಳೆಯ ನೆನಪು. ರಾಜಕಾರಣಿಯ ಮಗ ಅಮಲಿನಲ್ಲಿ ಕಾರು ಓಡಿಸಿ ರಸ್ತೆ ಬದಿ ಮಲಗಿದ್ದ ಬಡವರನ್ನು ಕೊಲ್ಲುವ ಕಥೆ. ಅದರಲ್ಲಿ ಹಾಡುಗಳಿಲ್ಲ. ಅಲ್ಲಿಯೂ ತಪ್ಪು ಯಾರದೆಂದು ಮೊದಲೇ ನಮಗೆ ಗೊತ್ತು. ಅದನ್ನು ಮುಚ್ಚಿಹಾಕುವರೇ ಎಂಬ ಒಂದೇ ಆತಂಕ ಕೊನೆಯವರೆಗೆ ಕೂರಿಸುತ್ತದೆ.

ಅಂಬರೀಷ್ 2018ರ ನವೆಂಬರ್‌ನಲ್ಲಿ ತೀರಿಕೊಂಡಾಗ ಟೀವಿಯಲ್ಲಿ 'ಅಂತ'ದ ತುಣುಕುಗಳು ಬರುತ್ತಿದ್ದವು. ಅಮ್ಮ ಬತ್ತಿ ಹೊಸೆಯುತ್ತ ನೋಡುತ್ತಿದ್ದಳು. ಅಪ್ಪ ಹೋಗಿ ಆಗಲೇ ಆರು ವರ್ಷವಾಗಿತ್ತು. "ಅಪ್ಪ ಎಷ್ಟು ಗಟ್ಟಿ ಮನುಷ್ಯ ಅಲ್ವಾಮ್ಮ, ಯಾರಿಗೂ ಬಗ್ಗಲಿಲ್ಲ" ಅಂದೆ.

ಅಮ್ಮ ಬತ್ತಿ ಕೆಳಗಿಟ್ಟಳು. "ನಾನು ಬಗ್ಗಿದ್ದೆ ಕಣೇ. ಸಹಿ ಹಾಕಿಬಿಡಿ, ನಮಗ್ಯಾಕೆ ಊರ ಉಸಾಬರಿ ಅಂತ ಕಾಲು ಹಿಡ್ಕೊಂಡಿದ್ದೆ. ಅವರು ಕೇಳಲಿಲ್ಲ."

ಮೂವತ್ತೇಳು ವರ್ಷ ಅವಳು ಅದನ್ನು ಯಾರಿಗೂ ಹೇಳಿರಲಿಲ್ಲ. ನಾಚಿಕೆಯಿಂದ ಮುಚ್ಚಿಟ್ಟಿದ್ದಳೆಂದು ಆಮೇಲೆ ತಿಳಿಯಿತು. ನಾಚಿಕೆಪಡುವಂಥದ್ದು ಅದರಲ್ಲಿ ಏನಿತ್ತೋ ನನಗೆ ಕಾಣದು. ಸಹಿ ಹಾಕದಿದ್ದುದು ಅಪ್ಪನ ಧೈರ್ಯ ನಿಜ. ಆದರೆ ಸಹಿ ಹಾಕದಿದ್ದ ಮೇಲೆ ಪ್ರತಿ ರಾತ್ರಿ ಜೀಪಿನ ಸದ್ದು ಕೇಳುತ್ತ, ಅನ್ನ ಮುಚ್ಚಿಟ್ಟು, ಮಕ್ಕಳನ್ನು ಮಲಗಿಸಿ ಕೂತವಳು ಅವಳು. ಇಂಥ ಚಿತ್ರ ಬಂದಾಗ ಈಗಲೂ ನಾನು ತಪ್ಪದೆ ನೋಡುತ್ತೇನೆ. ನಾಯಕ ಹೊರಗೆ ಹೋದ ಮೇಲೆ ನನ್ನ ಕಣ್ಣು ಮಾತ್ರ ಮನೆಯ ಬಾಗಿಲ ಕಡೆಗೇ ಇರುತ್ತದೆ.