ನೃಪತುಂಗನ ಕಾಲದ ಲೆಕ್ಕದ ಪಾಠ

ಕನ್ನಡದ ಅಧ್ಯಾಪಕನೊಬ್ಬನು ಗಣಿತದ ಮಾತನ್ನೆತ್ತಿದರೆ ಕೇಳುವವರ ತುಟಿಯಲ್ಲಿ ನಗೆ ಮೂಡುವುದು ಸಹಜ. ಲೆಕ್ಕ ಬಾರದವನೇ ಕನ್ನಡ ಎಂ.ಎ. ಓದುತ್ತಾನೆಂಬ ಮಾತನ್ನು ಕೇಳಿ ಕೇಳಿ ನಮ್ಮ ಕಿವಿ ಪಳಗಿಹೋಗಿದೆ. ನನ್ನ ತರಗತಿಗೆ ಬರುವ ವಿದ್ಯಾರ್ಥಿಗಳಲ್ಲಿಯೂ ಹಲವರು ಸಾಹಿತ್ಯದ ಒಲವಿಗಿಂತ ಹೆಚ್ಚಾಗಿ ಗಣಿತದ ಅಂಜಿಕೆಯಿಂದಲೇ ಇತ್ತ ಕಡೆ ಹೆಜ್ಜೆ ಹಾಕಿದವರು. ಸಂಖ್ಯೆಯ ಲೋಕ ಬೇರೆ, ಮಾತಿನ ಲೋಕ ಬೇರೆ ಎಂದು ಅವರು ನಂಬಿದ್ದಾರೆ. ಅದಕ್ಕಿಂತಲೂ ಮಿಗಿಲಾಗಿ, ಗಣಿತವೆಂಬುದು ನಮ್ಮದಲ್ಲದ ನಾಡಿನಿಂದ, ನಮ್ಮದಲ್ಲದ ಭಾಷೆಯಲ್ಲಿ ಬಂದ ವಿದ್ಯೆಯೆಂದು ಭಾವಿಸಿದ್ದಾರೆ. ಈ ಎರಡು ನಂಬಿಕೆಗಳಿಗೂ ನಮ್ಮ ಚರಿತ್ರೆಯಲ್ಲಿ ಆಧಾರವಿಲ್ಲ.

ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನು 814ರಿಂದ 878ರವರೆಗೆ ಆಳಿದನು. ಅವನ ರಾಜಧಾನಿ ಮಾನ್ಯಖೇಟ, ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಆ ಆಸ್ಥಾನದ ಹೆಸರು ಕೇಳಿದೊಡನೆ ನಮಗೆ ನೆನಪಾಗುವುದು ‘ಕವಿರಾಜಮಾರ್ಗ’, ನಮಗೆ ದೊರೆತಿರುವ ಕನ್ನಡ ಗ್ರಂಥಗಳಲ್ಲೆಲ್ಲ ಮೊದಲನೆಯದು. ಅದೇ ದೊರೆಯನ್ನು ಮೊದಲಿಗೆ ಕೊಂಡಾಡುವ ಇನ್ನೊಂದು ಗ್ರಂಥವೂ ಸುಮಾರು 850ರ ವೇಳೆಗೆ ಹುಟ್ಟಿತು. ಅದು ಜೈನ ವಿದ್ವಾಂಸ ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’. ಒಂದು ಗ್ರಂಥ ಕಾವ್ಯ ಕಟ್ಟುವ ಬಗೆಯನ್ನು ಕಲಿಸಿತು. ಇನ್ನೊಂದು ಲೆಕ್ಕ ಮಾಡುವ ಬಗೆಯನ್ನು. ಮೊದಲನೆಯದನ್ನು ನಾವು ತರಗತಿಯಲ್ಲಿ ಓದಿಸುತ್ತೇವೆ. ಎರಡನೆಯದರ ಹೆಸರನ್ನು ಒಂದು ಅಂಕದ ಪ್ರಶ್ನೆಗಾಗಿ ಬರೆಯಿಸಿ ಮುಂದೆ ಹೋಗುತ್ತೇವೆ.

ಆರ್ಯಭಟ, ಬ್ರಹ್ಮಗುಪ್ತರು ಗಣಿತವನ್ನು ತಮ್ಮ ಜ್ಯೋತಿಶ್ಶಾಸ್ತ್ರ ಗ್ರಂಥಗಳ ಕೆಲವು ಅಧ್ಯಾಯಗಳಾಗಿ ಸೇರಿಸಿದ್ದರು. ಮಹಾವೀರನದಾದರೋ ಗಣಿತಕ್ಕೇ ಮೀಸಲಾದ ಪಠ್ಯ. ಅಳತೆಯ ಹೆಸರುಗಳಿಂದ ಆರಂಭವಾಗಿ, ಭಿನ್ನರಾಶಿ, ತ್ರೈರಾಶಿಕ, ಕ್ಷೇತ್ರಗಣಿತಗಳನ್ನು ಹಾದು, ನೆರಳಿನ ಲೆಕ್ಕದವರೆಗೆ ಒಂಬತ್ತು ಅಧಿಕಾರಗಳು ಅದರಲ್ಲಿವೆ. ಗಣಿತವು ಎಲ್ಲೆಲ್ಲಿ ಬೇಕಾಗುತ್ತದೆಂಬುದನ್ನು ಅವನು ಆರಂಭದಲ್ಲಿಯೇ ಹೇಳುತ್ತಾನೆ: ಸಂಗೀತ, ನಾಟಕ, ಅಡುಗೆ, ವೈದ್ಯ, ವಾಸ್ತು, ಛಂದಸ್ಸು, ಕಾವ್ಯ! ಕಾವ್ಯದ ಹೆಸರು ಆ ಪಟ್ಟಿಯಲ್ಲಿರುವುದನ್ನು ನನ್ನ ವಿದ್ಯಾರ್ಥಿಗಳಿಗೆ ನಾನು ಮರೆಯದೆ ತಿಳಿಸುತ್ತೇನೆ.

ಆ ಕಾಲದ ತರಗತಿಯ ಸಲಕರಣೆ ಬಹಳ ಸರಳ. ಹಲಗೆಯ ಮೇಲೆ ಧೂಳನ್ನು ಹರಡಿ ಬೆರಳಿನಿಂದಲೋ ಕಡ್ಡಿಯಿಂದಲೋ ಅಂಕಿಗಳನ್ನು ಬರೆಯುತ್ತಿದ್ದರು. ಬೇಕಾದಾಗ ಅಳಿಸಿ ತಿದ್ದುತ್ತಿದ್ದರು. ಇದಕ್ಕೆ ಧೂಳೀಕರ್ಮವೆಂದು ಹೆಸರು. ಹಲಗೆ ಎಂದರೆ ಪಾಟೀ. ಅದರಿಂದಲೇ ಅಂಕಗಣಿತಕ್ಕೆ ಪಾಟೀಗಣಿತ ಎಂಬ ಹೆಸರಾಯಿತು. ಧಾರವಾಡದ ಕಡೆಯ ಮಕ್ಕಳು ಸ್ಲೇಟಿಗೆ ಪಾಟಿ ಎಂದಾಗ ಆ ಹಳೆಯ ಹಲಗೆಯೇ ಅವರ ಮಾತಿನಲ್ಲಿ ಉಳಿದುಬಂದಿದೆ ಎನ್ನಬಹುದು.

ಆದರೆ ಪಾಠವನ್ನು ನಿಜವಾಗಿ ನಡೆಸುತ್ತಿದ್ದುದು ಹಲಗೆಯಲ್ಲ, ಉದಾಹರಣೆ. ಒಂದನ್ನು ನೋಡೋಣ. ಮೂವರು ವರ್ತಕರು ದಾರಿಯಲ್ಲಿ ಹಣದ ಚೀಲವೊಂದನ್ನು ಕಂಡರು. ಆ ಚೀಲ ತನಗೆ ಸಿಕ್ಕರೆ ತನ್ನ ಹಣ ಉಳಿದಿಬ್ಬರ ಒಟ್ಟು ಹಣದ ಎರಡರಷ್ಟಾಗುವುದೆಂದು ಮೊದಲನೆಯವನು ಹೇಳಿದನು. ತನಗೆ ಸಿಕ್ಕರೆ ಮೂರರಷ್ಟು ಎಂದು ಎರಡನೆಯವನು, ತನಗಾದರೆ ಐದರಷ್ಟು ಎಂದು ಮೂರನೆಯವನು. ಚೀಲದಲ್ಲಿ ಎಷ್ಟಿತ್ತು? ಯಾರ ಕೈಯಲ್ಲಿ ಎಷ್ಟಿತ್ತು?

ಈ ಲೆಕ್ಕವನ್ನು ನಾನು ಬಿ.ಎ. ತರಗತಿಯಲ್ಲಿ ಕೊಟ್ಟಿದ್ದೇನೆ. ಎಕ್ಸ್, ವೈ ಎಂದು ಬರೆದಿದ್ದರೆ ಕಣ್ಣು ತಗ್ಗಿಸುತ್ತಿದ್ದವರು, ಚೀಲ ಯಾರ ಪಾಲಾಗಬೇಕೆಂದು ತಮ್ಮತಮ್ಮಲ್ಲೇ ವಾದಕ್ಕಿಳಿದರು. ವಾದಿಸುತ್ತ ದಾರಿಯೂ ಹೊಳೆಯಿತು. ಮೂವರ ಹಣ, ಚೀಲದ ಹಣ ಎಲ್ಲವನ್ನೂ ಒಂದೇ ರಾಶಿಯೆಂದು ತಿಳಿಯಿರಿ. ಚೀಲ ಮೊದಲನೆಯವನದಾದಾಗ ಅವನದು ಎರಡು ಪಾಲು, ಉಳಿದಿಬ್ಬರದು ಒಂದು ಪಾಲು. ಎಂದರೆ ಆ ಇಬ್ಬರದು ರಾಶಿಯ ಮೂರರಲ್ಲೊಂದು. ಹಾಗೆಯೇ ಎರಡನೆಯವನನ್ನು ಬಿಟ್ಟರೆ ಉಳಿದವರದು ನಾಲ್ಕರಲ್ಲೊಂದು. ಮೂರನೆಯವನನ್ನು ಬಿಟ್ಟರೆ ಆರರಲ್ಲೊಂದು. ರಾಶಿಯನ್ನು 24 ಎಂದಿಟ್ಟುಕೊಂಡರೆ ಈ ಜೋಡಿಗಳ ಹಣ 8, 6, 4, ಕೂಡಿದರೆ 18. ಪ್ರತಿಯೊಬ್ಬನೂ ಇದರಲ್ಲಿ ಎರಡು ಸಲ ಬಂದಿರುವುದರಿಂದ ಮೂವರದು 9. ಉಳಿದ 15 ಚೀಲದ್ದು. ಒಬ್ಬೊಬ್ಬರ ಕೈಯಲ್ಲಿದ್ದುದು 1, 3, 5.

24ನ್ನೇ ಏಕೆ ಹಿಡಿಯಬೇಕು ಎಂದು ಹುಡುಗಿಯೊಬ್ಬಳು ಕೇಳಿದಳು. ಪಾಠದ ಜೀವಾಳವಿರುವುದೇ ಆ ಪ್ರಶ್ನೆಯಲ್ಲಿ. 3, 4, 6 ಈ ಮೂರರಿಂದಲೂ ಶೇಷವಿಲ್ಲದೆ ಭಾಗವಾಗುವ ಅತಿ ಸಣ್ಣ ಸಂಖ್ಯೆ 12. ಅದನ್ನು ಹಿಡಿದರೆ ಮೂವರ ಹಣದಲ್ಲಿ ಅರೆ ಬರುತ್ತದೆ, ಆದುದರಿಂದ ಅದನ್ನು ಇಮ್ಮಡಿಸಬೇಕು. ಆ 12ನ್ನು ಇಂದಿನ ಶಾಲೆಯಲ್ಲಿ ಲ.ಸಾ.ಅ. ಎನ್ನುತ್ತೇವೆ. ಭಾರತೀಯ ಗಣಿತದಲ್ಲಿ ಭಿನ್ನರಾಶಿಗಳನ್ನು ಕೂಡಲು ಅದನ್ನು ಮೊದಲು ಬಳಸಿ, ‘ನಿರುದ್ಧ’ ಎಂದು ಹೆಸರಿಟ್ಟವನು ಮಹಾವೀರನೇ. ಲ.ಸಾ.ಅ. ಎಂಬ ಮೂರಕ್ಷರವನ್ನು ಬಾಯಿಪಾಠ ಮಾಡಿ, ಅದು ಯಾವ ಕೆಲಸಕ್ಕೆಂಬುದನ್ನು ತಿಳಿಯದೆಯೇ ಹತ್ತನೆಯ ತರಗತಿ ದಾಟಿ ಬಂದವರು, ಆ ದಿನ ಅದರ ಕೆಲಸವನ್ನು ಕಣ್ಣಾರೆ ಕಂಡರು.

ಒಣ ಗುಣಾಕಾರಕ್ಕೂ ಮಹಾವೀರನು ಒಡವೆ ತೊಡಿಸಿದ್ದಾನೆ. ಅವನು ಕೊಡುವ ಕೆಲವು ಗುಣಲಬ್ಧಗಳು ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಅವನ್ನು ಅವನು ಕಂಠಿಕೆ, ಎಂದರೆ ಕೊರಳಹಾರ ಎನ್ನುತ್ತಾನೆ. 139ನ್ನು 109ರಿಂದ ಗುಣಿಸಿದರೆ 15151. 152207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳ ಸಾಲು. 27994681ನ್ನು 441ರಿಂದ ಗುಣಿಸಿದರೆ 12345654321, ಆರರವರೆಗೆ ಏರಿ ಮತ್ತೆ ಇಳಿಯುವ ಹಾರ. ಒಂದು ಅಂಕಿ ತಪ್ಪಿದರೂ ಹಾರ ಹರಿಯುತ್ತದೆ. ತಪ್ಪಾಯಿತೆಂದು ಹೇಳಲು ಗುರುವೇ ಬೇಕಾಗಿಲ್ಲ. ಹುಡುಗರು ತಮ್ಮ ತಪ್ಪನ್ನು ತಾವೇ ಕಂಡು, ಅವಮಾನವಿಲ್ಲದೆ ತಿದ್ದಿಕೊಳ್ಳಲು ಇದಕ್ಕಿಂತ ಒಳ್ಳೆಯ ಉಪಾಯವುಂಟೇ?

ಆಯ್ಕೆಯ ಲೆಕ್ಕಕ್ಕೆ ಅವನು ಅಡುಗೆಮನೆಯನ್ನು ಹೊಕ್ಕಿದ್ದಾನೆ. ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರು ಈ ಆರು ರಸಗಳಿಂದ ಎಷ್ಟು ಬಗೆಯ ರುಚಿಗಳಾಗುತ್ತವೆ? ಒಂದೊಂದೇ ಆದರೆ 6, ಎರಡೆರಡು ಬೆರೆಸಿದರೆ 15, ಮೂರು ಮೂರಾದರೆ 20, ನಾಲ್ಕಾದರೆ 15, ಐದಾದರೆ 6, ಎಲ್ಲವೂ ಸೇರಿದರೆ 1. ಒಟ್ಟು 63. ಇದಕ್ಕೆ ಅವನು ಕೊಟ್ಟ ಸಾಮಾನ್ಯ ಸೂತ್ರವನ್ನೇ ಇಂದಿಗೂ ಕಲಿಸುತ್ತಾರೆ: ಮೂರನ್ನು ಆಯಬೇಕಾದರೆ 6, 5, 4ರ ಗುಣಲಬ್ಧವನ್ನು 1, 2, 3ರ ಗುಣಲಬ್ಧದಿಂದ ಭಾಗಿಸುವುದು. ಯುಗಾದಿಯ ಬೇವುಬೆಲ್ಲ ಆ ಹದಿನೈದು ಜೋಡಿಗಳಲ್ಲಿ ಒಂದು ಎಂದರೆ ಸಾಕು, ಉಳಿದ ಹದಿನಾಲ್ಕನ್ನು ತರಗತಿಯೇ ಹೇಳುತ್ತದೆ.

ಇನ್ನೊಂದು ಲೆಕ್ಕದಲ್ಲಿ ಪ್ರಣಯಕಲಹದ ನಡುವೆ ಮುತ್ತಿನ ಹಾರ ಹರಿಯುತ್ತದೆ. ಮೂರರಲ್ಲೊಂದು ಪಾಲು ದಾಸಿಯ ಬಳಿಗೆ, ಆರರಲ್ಲೊಂದು ಹಾಸಿಗೆಯ ಮೇಲೆ. ಉಳಿದುದರಲ್ಲಿ ಅರ್ಧ, ಮತ್ತೆ ಉಳಿದುದರಲ್ಲಿ ಅರ್ಧ, ಹೀಗೆ ಆರು ಸಲ ಚೆದುರಿ, ಕೊನೆಗೆ 1161 ಮುತ್ತುಗಳು ಉಳಿಯುತ್ತವೆ. ಹಾರದಲ್ಲಿದ್ದುವು 1,48,608! ಅಷ್ಟು ಮುತ್ತನ್ನು ಯಾವ ಕೊರಳು ಹೊತ್ತೀತು ಎಂದು ಯಾರಾದರೂ ಕೇಳದೆ ಇರುವುದಿಲ್ಲ. ಕೇಳಲಿ, ಉತ್ತರದ ಗಾತ್ರವನ್ನು ಶಂಕಿಸುವುದೂ ಗಣಿತವೇ. ಹೀಗೆ ಅರ್ಧಿಸುತ್ತ ಹೋಗುವುದು ನಮ್ಮ ಮಾತಿನಲ್ಲಿಯೇ ಇದೆ: ಅರೆ, ಕಾಲು, ಅರೆಕಾಲು, ವೀಸ. ರೂಪಾಯಿಗೆ ಹದಿನಾರಾಣೆ ಇದ್ದಷ್ಟು ಕಾಲವೂ ಈ ಮಾತುಗಳು ಸಂತೆಯಲ್ಲಿ ಓಡಾಡುತ್ತಿದ್ದುವು. 1957ರಲ್ಲಿ ದಶಮಾಂಶ ನಾಣ್ಯ ಬಂದಿತು. ಲೆಕ್ಕ ಸುಲಭವಾಯಿತು, ವೀಸ ಮಾತ್ರ ನಿಘಂಟನ್ನು ಸೇರಿತು.

ಸಂಸ್ಕೃತ ಬಾರದವರ ಗತಿಯೇನು ಎಂಬ ಪ್ರಶ್ನೆ ಆಗಲೂ ಎದ್ದಿರಬೇಕು. 11ನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಮಹಾವೀರನ ಗ್ರಂಥವನ್ನು ತೆಲುಗಿಗೆ ತಂದನು. 12ನೆಯ ಶತಮಾನದಲ್ಲಿ ಕನ್ನಡದ ಜೈನ ಕವಿ ರಾಜಾದಿತ್ಯನು ಗಣಿತವನ್ನು ನೇರವಾಗಿ ಕನ್ನಡದಲ್ಲಿಯೇ ಬರೆದನು. ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’, ‘ಲೀಲಾವತಿ’, ‘ಚಿತ್ರಹಸುಗೆ’ ಮೊದಲಾದುವು ಅವನ ಕೃತಿಗಳು. ಅವನ ಇನ್ನೊಂದು ಗ್ರಂಥದ ಹೆಸರು ‘ಜೈನಗಣಿತ ಸೂತ್ರಟೀಕೋದಾಹರಣ’. ಪಾಠದ ಕ್ರಮ ಆ ಹೆಸರಿನಲ್ಲಿಯೇ ಅಡಗಿದೆ: ಮೊದಲು ಸೂತ್ರ, ಅದನ್ನು ಬಿಡಿಸುವ ಟೀಕೆ, ಅದನ್ನು ಬದುಕಿಗೆ ತರುವ ಉದಾಹರಣೆ. ಕನ್ನಡದಲ್ಲಿ ಗಣಿತ ಹೇಳಲಾದೀತೇ ಎಂದು ಇಂದಿಗೂ ಸಂದೇಹಪಡುವವರಿಗೆ ಸುಮಾರು ಎಂಟುನೂರು ವರ್ಷಗಳ ಹಿಂದೆಯೇ ಉತ್ತರ ದೊರೆತಿದೆ.

ಹಳೆಯದೆಲ್ಲ ಹೊನ್ನೆಂದು ನಾನು ಹೇಳುತ್ತಿಲ್ಲ. ವೃತ್ತದ ಪರಿಧಿಗೆ ಮಹಾವೀರನು ವ್ಯಾಸದ ಮೂರರಷ್ಟನ್ನು ಸ್ಥೂಲವೆಂದೂ, 10ರ ವರ್ಗಮೂಲದಷ್ಟನ್ನು ಸೂಕ್ಷ್ಮವೆಂದೂ ಕೊಟ್ಟನು. 499ರಲ್ಲಿಯೇ ಆರ್ಯಭಟನು ಕೊಟ್ಟಿದ್ದ 3.1416 ಇದಕ್ಕಿಂತ ಸತ್ಯಕ್ಕೆ ಹತ್ತಿರ. ಸೂತ್ರವುಂಟು, ಅದೇಕೆ ಹಾಗೆಂಬ ವಿವರಣೆ ಮೂಲದಲ್ಲಿ ವಿರಳ. ಆ ವಿದ್ಯೆ ದೊರೆಯುತ್ತಿದ್ದುದೂ ಕೆಲವರಿಗೆ ಮಾತ್ರ; ಮುತ್ತು ಚೆಲ್ಲಿದ ದಾಸಿಯರು ಲೆಕ್ಕದೊಳಗೆ ಬಂದರೇ ಹೊರತು ಪಾಠಶಾಲೆಯೊಳಗೆ ಬರಲಿಲ್ಲ. ಇಂದು ನಮ್ಮ ಮುಂದೆ ಕುಳಿತಿರುವವರು ಎಲ್ಲರ ಮಕ್ಕಳು. ಆದುದರಿಂದಲೇ ನಮ್ಮ ಹೊಣೆ ಮಹಾವೀರನ ಹೊಣೆಗಿಂತ ದೊಡ್ಡದು.

ಮದರಾಸಿನಲ್ಲಿ 1912ರಲ್ಲಿ ಎಂ. ರಂಗಾಚಾರ್ಯರು ‘ಗಣಿತಸಾರಸಂಗ್ರಹ’ವನ್ನು ಇಂಗ್ಲಿಷ್ ಅನುವಾದದೊಡನೆ ಅಚ್ಚು ಹಾಕಿಸಿದಾಗ ಹೊರಲೋಕಕ್ಕೆ ಅದರ ಪರಿಚಯವಾಯಿತು. ಪದ್ಮಾವತಮ್ಮನವರ ಕನ್ನಡ ಅನುವಾದ 2000ದಲ್ಲಿ ಹೊಂಬುಜದಿಂದ ಪ್ರಕಟವಾಯಿತು. ಎಂದಮೇಲೆ ಪುಸ್ತಕವಿಲ್ಲವೆಂಬ ನೆಪ ನಮಗಿಲ್ಲ. ಕನ್ನಡದ ಮೇಷ್ಟರೂ ಗಣಿತದ ಮೇಷ್ಟರೂ ಒಂದು ಸಂಜೆ ಒಟ್ಟಿಗೆ ಕುಳಿತು ಇದರಿಂದ ಹತ್ತು ಲೆಕ್ಕಗಳನ್ನು ಆಯ್ದರೆ, ಒಂದು ವರ್ಷದ ತರಗತಿಗೆ ಸಾಕಾಗುವಷ್ಟು ಸಾಮಗ್ರಿಯಾಗುತ್ತದೆ. ವರ್ತಕರ ಬದಲು ಆಟೋ ಚಾಲಕರು ಬರಲಿ, ಮುತ್ತಿನ ಬದಲು ಮಲ್ಲಿಗೆ ಮೊಗ್ಗು ಚೆದುರಲಿ. ಲೆಕ್ಕಕ್ಕೆ ಏನೂ ಕುಂದಿಲ್ಲ. ಉದಾಹರಣೆಯೆಂಬುದು ಸೂತ್ರಕ್ಕೆ ಹಚ್ಚಿದ ಬಣ್ಣವಲ್ಲ, ಸೂತ್ರದೊಳಕ್ಕೆ ಹೋಗುವ ಬಾಗಿಲು. ಆ ಬಾಗಿಲನ್ನು ಮಗುವಿನ ಮನೆಮಾತಿನಲ್ಲಿ ತೆರೆದುಕೊಟ್ಟರೆ, ಒಳಗೆ ಹೋಗಲು ಮಗು ಅಂಜುವುದಿಲ್ಲ.