ಮಾತಿಲ್ಲದ ನಾಟಕದಲ್ಲಿ ರೇಡಿಯೊ: ‘ರಿಕ್ವೆಸ್ಟ್ ಕಾನ್ಸರ್ಟ್’ ಮತ್ತು ಪುಣೆಯ ಸಂದರ್ಭ

1. ಕಾಲನಿರ್ದೇಶ

ಜರ್ಮನ್ ನಾಟಕಕಾರ ಫ್ರಾಂಟ್ಸ್ ಕ್ಸಾವರ್ ಕ್ರೋಟ್ಸ್ (ಜನನ 1946) ಅವರ ‘ವುನ್ಶ್‌ಕೊನ್‌ಟ್ಸೆರ್ಟ್’ ಭಾರತದ ರಂಗವಲಯದಲ್ಲಿ ‘ರಿಕ್ವೆಸ್ಟ್ ಕಾನ್ಸರ್ಟ್’ ಎಂದೇ ಪರಿಚಿತ. ಇದಕ್ಕೆ 1971, 1973 ಎಂಬ ಎರಡು ಇಸವಿಗಳು ಬಳಕೆಯಲ್ಲಿವೆ. ಮೊದಲನೆಯದು ರಚನೆಯ ವರ್ಷ. ಎರಡನೆಯದು ಸ್ಟುಟ್‌ಗಾರ್ಟ್‌ನಲ್ಲಿ ನಡೆದ ಪ್ರಥಮ ಪ್ರಯೋಗದ್ದು. ಇಲ್ಲಿ ರಚನೆಯ ವರ್ಷವನ್ನೇ ಹಿಡಿಯಲಾಗಿದೆ. ಕಾರಣ 4ನೇ ಭಾಗದಲ್ಲಿದೆ.

2. ಪಠ್ಯದ ಸ್ವರೂಪ

ಪಾತ್ರ ಒಂದೇ: ಫ್ರಾಯ್‌ಲೈನ್ ರಾಶ್, ನಡುವಯಸ್ಸಿನ ಒಂಟಿ ಉದ್ಯೋಗಸ್ಥೆ. ಸಂಜೆ ಮನೆಗೆ ಬರುತ್ತಾಳೆ, ಉಣ್ಣುತ್ತಾಳೆ, ಮನೆ ಓರಣ ಮಾಡುತ್ತಾಳೆ, ರೇಡಿಯೊದಲ್ಲಿ ಕೋರಿಕೆ ಗೀತೆಗಳನ್ನು ಕೇಳುತ್ತಾಳೆ. ನಾಟಕ ಆತ್ಮಹತ್ಯೆಯತ್ತ ಸಾಗಿ ಮುಗಿಯುತ್ತದೆ. ಸಂಭಾಷಣೆ ಇಲ್ಲ, ಪಠ್ಯವೆಲ್ಲ ರಂಗಸೂಚನೆ. ಹಾಗೆಂದು ರಂಗ ನಿಶ್ಶಬ್ದವಲ್ಲ. ಸ್ಯಾಮ್ಯುಯೆಲ್ ಬೆಕೆಟ್‌ನ ಮೂಕನಾಟಕ ‘ಆಕ್ಟ್ ವಿದೌಟ್ ವರ್ಡ್ಸ್ 1’ರಲ್ಲಿ (ಪ್ರಥಮ ಪ್ರಯೋಗ ಲಂಡನ್, 1957) ಒಂಟಿ ಮನುಷ್ಯನನ್ನು ಹೊರಗಿನಿಂದ ಕರೆಯುವುದು ಸೀಟಿ, ಕ್ರೋಟ್ಸ್‌ನಲ್ಲಿ ಹೊರಗಿನಿಂದ ರೇಡಿಯೊ ಮೂಲಕ ಬರುವುದು ಮನುಷ್ಯರ ದನಿ.

3. ಭಾರತೀಯ ರೂಪಗಳು

1980ರ ದಶಕದಲ್ಲಿ ರಂಗಕರ್ಮಿಗಳಾದ ರುಸ್ತುಂ ಭರೂಚಾ ಮತ್ತು ಮಾನುಯೆಲ್ ಲ್ಯುಟ್ಗೆನ್‌ಹೋರ್ಸ್ಟ್ ಈ ನಾಟಕವನ್ನು ಕಲ್ಕತ್ತಾ, ಮುಂಬಯಿ, ಮದ್ರಾಸುಗಳಿಗೆ ಒಗ್ಗಿಸಿದರು. ಮುಂಬಯಿಯಲ್ಲಿ ನಟಿ ಸುಲಭಾ ದೇಶಪಾಂಡೆ, ಮದ್ರಾಸಿನಲ್ಲಿ ನರ್ತಕಿ ಚಂದ್ರಲೇಖಾ ಅಭಿನಯಿಸಿದರು. ಭರೂಚಾ ಅವರ ‘ಥಿಯೇಟರ್ ಅಂಡ್ ದ ವರ್ಲ್ಡ್’ ಈ ಪ್ರಯೋಗಗಳನ್ನು ಚರ್ಚಿಸುತ್ತದೆ.

ಸುಲಭಾ ಅವರ ಆಯ್ಕೆ ಗಮನಾರ್ಹ. ವಿಜಯ್ ತೆಂಡೂಲ್ಕರರ ‘ಶಾಂತತಾ! ಕೋರ್ಟ್ ಚಾಲೂ ಆಹೆ’ಯ (ರಚನೆ 1963, ಪ್ರಯೋಗ 1967) ಲೀಲಾ ಬೇಣಾರೆಯಾಗಿ ಅವರು ಹೆಸರಾಗಿದ್ದರು. ಆ ಪಾತ್ರದ ಕೊನೆಯ ಸುದೀರ್ಘ ಸ್ವಗತ ಸುತ್ತಲಿನವರ ಕಿವಿಗೆ ಬೀಳುವುದಿಲ್ಲ. ಜನರ ನಡುವೆ ಮಾತಿದ್ದೂ ಒಂಟಿಯಾದ ಪಾತ್ರದಿಂದ ಜನರೂ ಮಾತೂ ಇಲ್ಲದ ಪಾತ್ರಕ್ಕೆ ಅದೇ ನಟಿ ಬಂದಂತಾಯಿತು. ಇದು ಉದ್ದೇಶಪೂರ್ವಕ ಸಂಬಂಧವೆಂದು ಇಲ್ಲಿ ವಾದಿಸುತ್ತಿಲ್ಲ.

4. ಪುಣೆಗೆ ಅನ್ವಯ

ಈ ನಾಟಕವನ್ನು ಪುಣೆಗೆ ಒಗ್ಗಿಸುವುದಾದರೆ ಅಲ್ಲಿನ ರೇಡಿಯೊವನ್ನು ಮೊದಲು ನೋಡಬೇಕು. ಆಕಾಶವಾಣಿಯ ವಿವಿಧ ಭಾರತಿ 3 ಅಕ್ಟೋಬರ್ 1957ರಂದು ಆರಂಭವಾಯಿತು. ಅದರಲ್ಲಿ ಜಾಹೀರಾತು ಪ್ರಸಾರ ಮೊದಲಾದದ್ದು 1 ನವೆಂಬರ್ 1967ರಂದು, ಮುಂಬಯಿ, ನಾಗಪುರ, ಪುಣೆ ಕೇಂದ್ರಗಳಿಂದ. ಆದ್ದರಿಂದ ಕ್ರೋಟ್ಸ್ ಬರೆದ 1971ರ ಸಂಜೆಯನ್ನು ಪುಣೆಯ ಕೋಣೆಯೊಂದಕ್ಕೆ ತಂದರೆ, ವಿವಿಧ ಭಾರತಿಯ ಹಾಡುಗಳ ನಡುವೆ ಜಾಹೀರಾತು ಇರಬೇಕಾಗುತ್ತದೆ. 1967ರ ಹಿಂದಿನ ಸಂಜೆಗೆ ಇದು ಸಲ್ಲದು. ಮರಾಠಿಯ ‘ಆಪಲೀ ಆವಡ್’, ಕನ್ನಡ ಕೇಂದ್ರಗಳ ‘ಕೋರಿಕೆ’ ಎಂಬ ಕೋರಿಕೆ ಗೀತೆಗಳ ಕಾರ್ಯಕ್ರಮಗಳಲ್ಲಿ ಕೋರಿದವರ ಹೆಸರುಗಳನ್ನು ಊರಿನೊಂದಿಗೆ ಓದುವುದು ವಾಡಿಕೆಯಾಗಿತ್ತು. ಹಲವು ವೇಳೆ ಇಡೀ ಮನೆಯವರ ಅಥವಾ ಗೆಳೆಯರ ಪಟ್ಟಿಯೇ ಇರುತ್ತಿತ್ತು. ಊರುಬಿಟ್ಟು ಪುಣೆಯಲ್ಲಿ ಒಂಟಿಯಾಗಿ ದುಡಿಯುವ ಕೇಳುಗರಿಗೆ ಹಾಡಿಗಿಂತ ಈ ಪಟ್ಟಿಯೇ ಹೆಚ್ಚು ತಟ್ಟುತ್ತಿದ್ದಿರಬಹುದು ಎಂಬುದು ಊಹೆ ಮಾತ್ರ.

5. ಮಿತವಾದ ನಿರ್ಣಯ

ಪಠ್ಯರಚನೆಯಷ್ಟನ್ನೇ ನೋಡಿದರೆ, ಈ ನಾಟಕದ ಏಕಾಂತವನ್ನು ಅಳೆಯುವ ಮಾನ ರೇಡಿಯೊ: ದನಿ ಅವಳನ್ನು ಮುಟ್ಟುತ್ತದೆ, ಅವಳನ್ನು ಉದ್ದೇಶಿಸುವುದಿಲ್ಲ. ಹಾಗಾದರೆ ಉದ್ಘೋಷಕರ ದನಿಯನ್ನು ಹಿನ್ನೆಲೆ ಸಂಗೀತದಲ್ಲಿ ಸೇರಿಸದೆ ಪಠ್ಯದ ಭಾಗವಾಗಿಯೇ ಎಣಿಸಬೇಕು. ಹೆಸರುಗಳನ್ನು ಬಿಟ್ಟು ಹಾಡುಗಳನ್ನಷ್ಟೇ ನುಡಿಸುವ ರೂಪಾಂತರವನ್ನು ಬೇರೆ ಪಾಠವೆಂದು ನಮೂದಿಸುವುದು ಉಚಿತ. ಪ್ರೇಕ್ಷಕರ ಅನುಭವದ ಬಗ್ಗೆ ಈ ನಿರ್ಣಯ ಏನನ್ನೂ ಹೇಳುವುದಿಲ್ಲ.