ಹುಳಿ ಒಂದೇ, ಹದ ಬೇರೆ

ನಿಂಬೆಹಣ್ಣು ಇಲ್ಲದ ದಿನ ಚಿತ್ರಾನ್ನಕ್ಕೆ ಹುಣಸೆಹಣ್ಣು ಹಾಕುತ್ತೇವೆ. ಆದರೆ ನಿಂಬೆರಸ ಹಿಂಡುವುದು ಬಾಣಲೆ ಇಳಿಸಿದ ಮೇಲೆ. ಹುಣಸೆರಸ ಒಗ್ಗರಣೆಯಲ್ಲೇ ಕುದಿಯಬೇಕು. ಎಲೆಕ್ಟ್ರಾನಿಕ್ಸಿನ ಐಸಿಗಳ ವಿಷಯವೂ ಹೀಗೆಯೇ ಎಂದರೆ ನಗಬೇಡಿ. ನಾನು ಓದಿದ್ದು ಬಿ.ಎ., ಬಿ.ಎಡ್.; ಕಲಿಸುವುದು ಇತಿಹಾಸ. ಆ ಕಪ್ಪು ಹುಳುವಿನಂಥ ಚೂರಿಗೂ ಒಂದು ಇತಿಹಾಸವಿದೆ.

ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ 1964ರಲ್ಲಿ ಸೈನ್ಯದ ಬಳಕೆಗೆಂದು 5400 ಸಾಲಿನ ಐಸಿಗಳನ್ನು ತಂದಿತು. 1966ರಲ್ಲಿ ಅದರ ಅಗ್ಗದ ತಂಗಿಯಾಗಿ ಪ್ಲಾಸ್ಟಿಕ್ ಮೈಯ 7400 ಬಂತು. ಒಬ್ಬನೇ ತಯಾರಕನನ್ನು ನಂಬಿ ಕೂರಲು ದೊಡ್ಡ ಗಿರಾಕಿಗಳು ಒಪ್ಪದ್ದರಿಂದ ಬೇರೆ ಕಂಪನಿಗಳೂ ಅದೇ ಸಂಖ್ಯೆ, ಅದೇ ಕಾಲುಗಳ ಜೋಡಣೆಯಲ್ಲಿ ಅದನ್ನು ಮಾಡಿದವು. ಶೀತಲ ಸಮರದ ನಡುವೆಯೂ ಸೋವಿಯತ್ ಒಕ್ಕೂಟ ಅದಕ್ಕೆ ಸಮನಾದ ಕೆ155ಎಲ್‌ಎ3 ತಯಾರಿಸಿತು. ಆದರೆ 1968ರಲ್ಲಿ ಆರ್‌ಸಿಎ ಕಂಪನಿ ತಂದ 4000 ಸಾಲು ಬೇರೆಯೇ ಮನೆತನ. 7400ಕ್ಕೆ 5 ವೋಲ್ಟೇ ಬೇಕು. ಈ ಮನೆತನದ 4011, 3ರಿಂದ 15 ವೋಲ್ಟಿನವರೆಗೆ ಹೊಂದಿಕೊಳ್ಳುತ್ತದೆ, ವಿದ್ಯುತ್ತನ್ನೂ ತೀರಾ ಮಿತವಾಗಿ ಬಳಸುತ್ತದೆ.

1997ರಲ್ಲಿ ಚಾಮರಾಜನಗರ ಜಿಲ್ಲಾ ಕೇಂದ್ರವಾಯಿತು. ಅಲ್ಲಿನ ವಿಜ್ಞಾನ ವಸ್ತುಪ್ರದರ್ಶನಕ್ಕೆಂದು ಗುಂಡ್ಲುಪೇಟೆಯ ನಮ್ಮ ಶಾಲೆಯ ಇಬ್ಬರು ಹುಡುಗಿಯರು ಒಂದು ವರ್ಷ ಕ್ವಿಜ್ ಪೆಟ್ಟಿಗೆ ಮಾಡಿದರು. ಯಾರು ಮೊದಲು ಸ್ವಿಚ್ ಒತ್ತುತ್ತಾರೋ ಅವರ ದೀಪ ಮಾತ್ರ ಹೊತ್ತಬೇಕು. ಟೆಕ್ಸಾಸ್ ಕಂಪನಿ 1985ರಲ್ಲೇ ಬೆಂಗಳೂರಿಗೆ ಬಂದಿದ್ದರೂ ನಮ್ಮವರು ಒಂದು ಐಸಿಗೆ ಮೈಸೂರಿನ ಬಸ್ಸು ಹತ್ತಬೇಕಿತ್ತು. ಪುಸ್ತಕದಲ್ಲಿದ್ದದ್ದು 7400, ಸಿಕ್ಕಿದ್ದು 4011. ಎರಡಕ್ಕೂ ಹದಿನಾಲ್ಕು ಕಾಲು, ಒಳಗೆ ನಾಲ್ಕು ನ್ಯಾಂಡ್ ಗೇಟು. ಹಾಕಿದರೆ ಪೆಟ್ಟಿಗೆ ಮಾತ್ರ ಕೆಲಸ ಮಾಡಲಿಲ್ಲ.

"ಹುಡುಗಿಯರ ಕೈಗೆ ಇದೆಲ್ಲ ಹತ್ತೋದಿಲ್ಲ, ಬದಲಿಗೆ ಹುಡುಗರನ್ನ ಕಳಿಸೋಣ" ಎಂದರು ಹಿರಿಯರೊಬ್ಬರು. ಎರಡು ದಿನ ಅವಕಾಶ ಕೊಡಿ ಎಂದು ಕೇಳಿಕೊಂಡೆ. ಹುಡುಗಿಯರು ರೇಡಿಯೋ ರಿಪೇರಿ ಅಂಗಡಿಯಿಂದ ಐಸಿಗಳ ಕೈಪಿಡಿ ತಂದು ಎರಡರ ಚಿತ್ರವನ್ನೂ ಪಕ್ಕಪಕ್ಕ ಬರೆದರು.

"ಮಿಸ್, ನಾಕನೇ ಕಾಲು ಅದ್ರಲ್ಲಿ ಒಳದಾರಿ, ಇದ್ರಲ್ಲಿ ಹೊರದಾರಿ!" ಎಂದು ಒಬ್ಬಳು ಕೂಗಿದಳು.

ನಾಲ್ಕು ಗೇಟುಗಳಲ್ಲಿ ಎರಡು ಎರಡರಲ್ಲೂ ಒಂದೇ. ಉಳಿದೆರಡರ ಕಾಲುಗಳು ಅದಲುಬದಲು. ಆ ತಂತಿಗಳನ್ನು ಬಿಚ್ಚಿ ಮತ್ತೆ ಬೆಸುಗೆ ಹಾಕಿದರು. 7400 ತನ್ನ ಖಾಲಿ ಕಾಲನ್ನು 'ಒಂದು' ಎಂದೇ ಓದಿಕೊಳ್ಳುತ್ತದೆ. 4011ರ ಖಾಲಿ ಕಾಲಿಗೆ ನೆಲೆಯಿಲ್ಲ, ರೆಸಿಸ್ಟರ್ ಕಟ್ಟಿ ನಿಲ್ಲಿಸಬೇಕು. ದೀಪ ಹೊತ್ತಿಸಲು ಅದಕ್ಕೆ ಶಕ್ತಿ ಸಾಲದೆಂದು ಟ್ರಾನ್ಸಿಸ್ಟರಿನ ನೆರವೂ ಬೇಕಾಯಿತು. ಪೆಟ್ಟಿಗೆ ಚಾಮರಾಜನಗರಕ್ಕೆ ಹೋಯಿತು, ಹುಡುಗಿಯರೇ ಹೊತ್ತೊಯ್ದರು.

7400ರ ಬದಲು 74ಎಲ್‌ಎಸ್00 ಸಿಕ್ಕಿದ್ದರೆ ತಂತಿ ಬಿಚ್ಚುವ ಪ್ರಮೇಯವೇ ಇರಲಿಲ್ಲ, ಅದು ಅದೇ ಮನೆಯದು. ಆದರೆ ಸಣ್ಣ ಊರಿನಲ್ಲಿ ಕೇಳಿದ್ದೇ ಸಿಗುವುದು ಅಪರೂಪ. ಸಿಕ್ಕಿದ್ದರಲ್ಲೇ ನಡೆಸುವುದು ಹೆಂಗಸರಿಗೆ ಹೊಸದೇನಲ್ಲ. ಅಂಥವರು "ಇದೂ ಅದೇ ಕಣಮ್ಮ" ಎಂದು ಅಂಗಡಿಯಾತ ಹೇಳಿದಾಗ ತಲೆಯಾಡಿಸದೆ ಅದರ ಪೂರ್ವಾಪರ ವಿಚಾರಿಸಬೇಕು. ಆ ಇಬ್ಬರೂ ವಿಚಾರಿಸಿದ್ದರಿಂದಲೇ ಅವರ ಜಾಗಕ್ಕೆ ಬದಲಿ ಬರಲಿಲ್ಲ.